ಎಡಗಾಲಿನ ಶೂ

ಆಣೆ ಮಾಡಿ ಹೇಳುತ್ತೇನೆ, ಇದು ಶಿರ್ವದಲ್ಲೇ ನಡೆದದ್ದು. ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನಗೆ ಮೀನು ಸಾರು ಬೇಡ.

"ಒಂದೇನಾ?" ರೇಚಲ್ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಬಲಗಾಲಿನ ಬಿಳಿ ಶೂ ಮಾತ್ರ ಬಿತ್ತು.

ಕುವೈತ್‌ನಲ್ಲಿರುವ ಪಪ್ಪ ಕಳಿಸಿದ ಆ ಚೀಲವನ್ನು ತಂದ ಸ್ಟ್ಯಾನಿಸ್ಲಾಸ್ ಅಂಕಲ್ ತಲೆ ಕೆರೆದುಕೊಂಡರು. "ಏರ್‌ಪೋರ್ಟಲ್ಲಿ ನನ್ನ ಬ್ಯಾಗ್ ಓವರ್‌ವೇಟ್ ಆಯ್ತು ಬಾಯೆ. ನಿನ್ನ ಪಪ್ಪ ಅರ್ಜೆಂಟಲ್ಲಿ ಖರ್ಜೂರ ತೆಗೆದ, ಹಾಲಿನ ಪುಡಿ ತೆಗೆದ. ಅದರೊಟ್ಟಿಗೆ ಎಡಗಾಲಿಂದು ಸಹ ಹೋಗಿದೆ ಕಾಣ್ತದೆ."

ಮರುದಿನ ರೇಚಲ್ ಬಲಗಾಲಿಗೆ ಹೊಸ ಶೂ, ಎಡಗಾಲಿಗೆ ಹಳೆಯ ಕಪ್ಪು ಶೂ ಹಾಕಿ ಶಾಲೆಗೆ ಹೊರಟಳು. ಪಪ್ಪ ಕಳಿಸಿದ್ದನ್ನು ಹಾಕದೆ ಇರುವುದು ಹೇಗೆ? ಹೆಜ್ಜೆ ಇಟ್ಟಾಗಲೆಲ್ಲ ಹಿಮ್ಮಡಿಯಲ್ಲಿ ಕೆಂಪು ಲೈಟ್! ಅದನ್ನು ಕಂಡು ಕಾರ್ಕಳದ ಬಸ್ಸು ಸಿಗ್ನಲ್ ಅಂತ ನಿಂತೇಬಿಟ್ಟಿತು. ಅದರ ಹಿಂದೆ ಏಳು ರಿಕ್ಷಾ, ಒಂದು ಮೀನಿನ ಟೆಂಪೋ.

"ಎಂತ ಮಾರಾಯ್ತಿ! ಒಂದು ಕಾಲು ಕುವೈತ್, ಒಂದು ಕಾಲು ಶಿರ್ವ!" ಡೀನ್ ಕೂಗಿದ. ಇಡೀ ಕ್ಲಾಸ್ ನಕ್ಕಿತು.

ಅವತ್ತಿನ ಇಂಗ್ಲಿಷ್ ಪಾಠದಲ್ಲಿ ಹೊಸ ಪದ ಬೇರೆ ಬರಬೇಕೇ? ಮಿಸ್‌ಮ್ಯಾಚ್ಡ್.

"ಅಂದ್ರೆ ಒಂದಕ್ಕೊಂದು ಜೋಡಿ ಆಗದ್ದು," ಎಂದರು ವೆರೊನಿಕಾ ಮಿಸ್. "ಸಾಕ್ಸಿಗೆ ಹೇಳಬಹುದು, ಬಳೆಗೆ ಹೇಳಬಹುದು."

"ರೇಚಲ್‌ಗೆ ಹೇಳಬಹುದು!" ಎಂದ ಡೀನ್.

ರೇಚಲ್ ಎದ್ದು ನಿಂತಳು. "ಮಿಸ್, ಇದರ ಜೋಡಿ ಉಂಟು. ದೂರ ಉಂಟು, ಅಷ್ಟೆ. ಆಗ ಸಹ ಮಿಸ್‌ಮ್ಯಾಚ್ಡ್ ಅಂತ ಹೇಳ್ಬೇಕಾ?"

ಮಿಸ್ ಬಗ್ಗಿ ಅವಳ ಕಾಲು ನೋಡಿದರು. "ನಿನ್ನ ಕಾಲಲ್ಲಿರುವ ಎರಡಕ್ಕೆ ಹೇಳಬಹುದು. ದೂರ ಇರುವ ಜೋಡಿಗೆ ಆ ಪದ ಆಗುದಿಲ್ಲ."

ಸಂಜೆ ವಿಡಿಯೋ ಕಾಲ್ ಬಂತು.

"ಪಪ್ಪಾ, ಶುಕ್ರವಾರ ನಿಮ್ಮ ರೂಮಿನ ಟ್ರೆವರ್ ಅಂಕಲ್ ಊರಿಗೆ ಬರ್ತಾರಲ್ಲ, ಅವರ ಹತ್ರ ಶೂ..."

ಅಷ್ಟರಲ್ಲಿ ಪಪ್ಪನ ಮಂಚದ ಹಿಂದಿನ ಶೆಲ್ಫ್ ಅವಳಿಗೆ ಕಂಡಿತು. ಅಲ್ಲಿತ್ತು ಎಡಗಾಲಿನ ಶೂ. ಅದರೊಳಗೆ ಪಪ್ಪನ ಕನ್ನಡಕ, ಪೆನ್ನು, ಬಾಚಣಿಗೆ.

"ಕೊಡ್ತೇನೆ ಬಾಯೆ." ಪಪ್ಪ ಶೂ ಎತ್ತಿಕೊಂಡು ಒಂದೊಂದನ್ನೇ ನಿಧಾನವಾಗಿ ಹೊರಗೆ ತೆಗೆದರು. ಇಲ್ಲದ ಧೂಳನ್ನು ಅಂಗಿಯಿಂದ ಒರೆಸಿದರು. ಶೂ ಒಮ್ಮೆ ಕೆಂಪಗೆ ಮಿನುಗಿತು.

"ಬೇಡ ಪಪ್ಪಾ. ಅಲ್ಲೇ ಇರ್ಲಿ. ನೀವೇ ತನ್ನಿ."

"ನಾನು ಬರುವಾಗ ಕ್ರಿಸ್‌ಮಸ್ ಆಗ್ತದೆ. ಅಷ್ಟೊತ್ತಿಗೆ ನಿನ್ನ ಕಾಲು ದೊಡ್ಡದಾಗ್ತದೆ ಅಲ್ವಾ?"

"ಆಗ್ಲಿ."

ರೇಚಲ್ ತನ್ನ ಬಲಗಾಲಿನ ಶೂ ಒರೆಸಿ ಮೇಜಿನ ಮೇಲಿಟ್ಟಳು. ಅದರೊಳಗೆ ಪೆನ್ಸಿಲ್ ಹಾಕಿದಳು, ಪೆನ್ನು ಹಾಕಿದಳು. ಬಾಚಣಿಗೆಯನ್ನೂ ಹುಡುಕಿ ತಂದು ಹಾಕಿದಳು.

ಏನು, ನಂಬಿಕೆ ಬರಲಿಲ್ಲವಾ? ಹಾಗಾದರೆ ನಿಮ್ಮ ಚಪ್ಪಲಿಯಲ್ಲಿ ಒಂದನ್ನು ನನ್ನ ಹತ್ತಿರ ಬಿಟ್ಟು ಹೋಗಿ. ತಿರುಗಿ ಬರುತ್ತೀರೋ ಇಲ್ಲವೋ ನೋಡುವ.