ಐರ್ಲೆಂಡಿನ ಸುದ್ದಿ ತರುವವನು

“ರೀ ಲಾರಿಯವ್ರೇ! ಪಕ್ಕಕ್ಕೆ ತೆಗೀತೀರಾ? ಬಸ್ಸು ಹೊರಡ್ಬೇಕು!”

ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರ್ ತೌಸೀಫ್ ತಿರುಗಿ ನೋಡಿದ. ಶಿರಸಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಶಾಯಿಸ್ತಾ ಮೂಗಿನ ತುದಿಗೆ ಸಿಟ್ಟು ತಂದುಕೊಂಡು ನಿಂತಿದ್ದಳು. ಅವಳ ಮೊಬೈಲಿನಲ್ಲಿ ಇಂಗ್ಲಿಷ್ ವಾರ್ತೆ ಓಡುತ್ತಲೇ ಇತ್ತು.

“ಡಬ್ಲಿನ್ ಡಬ್ಲಿನ್ ಅಂತಾ ಇದೆಯಲ್ಲ... ಅದು ಯಾವ ತಾಲೂಕು?”

“ಐರ್ಲೆಂಡ್! ನಾನು ಹೋಗೋ ದೇಶ. ಮೊದ್ಲು ಲಾರಿ ತೆಗೀರಿ!”

ಲಾರಿ ಪಕ್ಕಕ್ಕೆ ಹೋಯಿತು. ಹುಡುಗನ ಮನಸ್ಸು ಮಾತ್ರ ಬಸ್ಸಿನ ಹಿಂದೆಯೇ ಹೋಯಿತು, ಪಾಪ!

ವರ್ಷ ತುಂಬುವುದರೊಳಗೆ ಎರಡೂ ಮನೆಯವರು ಅವರಿಬ್ಬರ ನಿಕಾಹಿಗೆ ಒಪ್ಪಿ ಬಾಯಿ ಸಿಹಿ ಮಾಡಿಕೊಂಡರು. ಶಾಯಿಸ್ತಾ ಇಟ್ಟ ಷರತ್ತು ಒಂದೇ: ಅವಳು ಐರ್ಲೆಂಡಿಗೆ ಹೋಗಿಯೇ ಹೋಗುತ್ತಾಳೆ. ತೌಸೀಫ್ ಹ್ಞೂಂ ಅಂದಿದ್ದ.

ಅಂದವನು ಆಮೇಲೆ ದಿನವೂ ಅಲ್ಲಿಯ ಸುದ್ದಿ ಹುಡುಕಿ ಹುಡುಕಿ ಫೋನ್ ಮಾಡತೊಡಗಿದ. ಅದೂ ಎಂಥ ಸುದ್ದಿ!

“ಡಬ್ಲಿನ್‌ನಲ್ಲಿ ಬಾಡಿಗೆ ಮನೆ ಸಿಗೋದೇ ಕಷ್ಟವಂತೆ ಶಾಯಿಸ್ತಾ.”

“ಅಮೆರಿಕ ಸುಂಕ ಹಾಕಿದ್ರೆ ಅಲ್ಲಿನ ಔಷಧಿ ಕಂಪನಿಗಳಿಗೆ ಪೆಟ್ಟಂತೆ.”

“ಕರೆಂಟ್ ಬಿಲ್ಲೂ ಭಾರೀ ಅಂತೆ ಮಾರಾಯ್ತಿ...”

ಅವಳ ಎದೆ ಉರಿಯಿತು. ‘ಇವರಿಗೆ ನಾನು ಹೋಗೋದೇ ಬೇಡ! ಬಾಯಲ್ಲಿ ಹ್ಞೂಂ, ಹೊಟ್ಟೆಯಲ್ಲಿ ಊಹ್ಞೂಂ!’

“ನನ್ನ ಹೆದರಿಸಿ ನಿಲ್ಲಿಸೋದಾದ್ರೆ ಈ ನಿಕಾಹೇ ಬೇಡ. ನಾನು ಹೋಗೋದು ಖಂಡಿತ!”

ಫೋನ್ ಇಟ್ಟಳು, ಅವನ ನಂಬರ್ ಬ್ಲಾಕ್ ಮಾಡಿದಳು, ಅತ್ತಳು. ಆದರೂ ಐರ್ಲೆಂಡ್ ಕೆಲಸದ ಕೊನೆಯ ಸಂದರ್ಶನಕ್ಕೆಂದು ಯಲ್ಲಾಪುರದಲ್ಲಿ ಮಂಗಳೂರಿನ ಬಸ್ಸು ಹತ್ತಿದಳು.

ಅರಬೈಲ್ ಘಾಟಿಯ ತಲೆಯಲ್ಲಿ ಬಸ್ಸು ನಿಂತಿತು. ಕೆಳಗೆಲ್ಲೋ ಮಣ್ಣು ಕುಸಿದಿತ್ತು. ಮುಂದೆ ನಿಂತಿದ್ದದ್ದು... ಅದೇ ಲಾರಿ!

ತೌಸೀಫ್ ಕ್ಯಾಬಿನ್ನಿಂದ ತಲೆ ಹೊರಹಾಕಿ, ಘಾಟಿ ಹತ್ತಿ ಬಂದ ಲಾರಿಯವನನ್ನು ಕೇಳುತ್ತಿದ್ದ. “ಮುಂದೆ ರಸ್ತೆ ಹೆಂಗುಂಟು ಭಾಯ್?”

“ಖರಾಬು! ಎಡಕ್ಕೆ ಮಣ್ಣು ಬಿದ್ದಿದೆ. ಬಲಕ್ಕೆ ಹಿಡ್ಕೊಂಡು ಇಳೀರಿ.”

ಈ ಘಾಟಿ ಇಳಿಯುವ ಲಾರಿಯವರೆಲ್ಲ ಹೀಗೇ ಕೇಳುತ್ತಾರೆ. ಕೇಳಿದವರು ಯಾರೂ ಲಾರಿ ಹಿಂದಕ್ಕೆ ತಿರುಗಿಸುವುದಿಲ್ಲ. ತೌಸೀಫನೂ ಗೇರ್ ಹಾಕಿದ.

ಬಸ್ಸಿನ ಕಿಟಕಿಯಿಂದ ಶಾಯಿಸ್ತಾ ಎಲ್ಲ ಕೇಳಿಸಿಕೊಂಡಳು. ‘ಯಾ ಅಲ್ಲಾ... ಇವರು ನನಗೋಸ್ಕರ ಮುಂದಿನ ರಸ್ತೆ ಕೇಳ್ತಾ ಇದ್ರು!’

ಕಂಡಕ್ಟರ್ ಕೂಗುತ್ತಿದ್ದರೂ ಇಳಿದು ಓಡಿದಳು.

“ಡಬ್ಲಿನ್ ಖರಾಬು ಅಂದ್ರಿ. ಯಾವ ಕಡೆ ಹಿಡ್ಕೊಂಡು ಹೋಗ್ಬೇಕು ಅಂತ ಯಾಕೆ ಹೇಳ್ಲಿಲ್ಲ?”

“ದಾರಿ ಹುಡುಕ್ತಾ ಇದ್ದೆ. ಸಿಗೋಷ್ಟರಲ್ಲಿ ನೀನು ಬ್ಲಾಕ್ ಮಾಡಿದೆ! ಲಿಮರಿಕ್ ಅಂತ ಊರು, ಡಬ್ಲಿನ್‌ಗಿಂತ ಬಾಡಿಗೆ ಕಡಿಮೆಯಂತೆ. ಅಲ್ಲೂ ಆಸ್ಪತ್ರೆ ಉಂಟು. ಸಂದರ್ಶನದಲ್ಲಿ ಆ ಊರನ್ನೇ ಕೇಳು.” ಅವನು ಎಂಜಿನ್ ಆರಿಸಿದ. “ನೀನಿಲ್ದೆ ನಂಗೆ ಆಗೂದಿಲ್ಲ. ನೀನು ನನ್ನ ಸಲುವಾಗಿ ನಿಂತ್ರೆ... ಅದೂ ಆಗೂದಿಲ್ಲ.”

ಅವಳು ಕಣ್ಣೊರೆಸಿಕೊಂಡಳು.

“ಹಂಗಾದ್ರೆ ಲಾರಿ ಪಕ್ಕಕ್ಕೆ ತೆಗೀರಿ. ಬಸ್ಸು ಹೊರಡ್ಬೇಕು.”

“ತೆಗೀತೀನಿ. ನೀನು ಮುಂದೆ ಹೋಗು. ನಾನು ಹಿಂದೆನೇ ಬರ್ತೀನಿ.”

“ಘಾಟಿ ಇಳಿದು ಅಂಕೋಲೆ ತನಕವಾ?”

“ಲಿಮರಿಕ್ ತನಕ!”