ಮೂರನೇ ಪರದೆಯ ಗ್ರಹ

“ನನ್ನ ಗ್ರಹಕ್ಕೆ ಕೈ ಹಾಕಿದ್ದು ಯಾರು?”

ಅವನ ದನಿ ಏರಿರಲಿಲ್ಲ. ಆದರೂ ಅವಳ ಕೈಯಲ್ಲಿದ್ದ ಚೀಟಿಗಳ ಕಟ್ಟು ಜಾರಿ ಮೇಜಿನ ತುಂಬಾ ಹರಡಿಕೊಂಡಿತು.

ವಿಜ್ಞಾನ ಸಂಗ್ರಹಾಲಯದ ಎರಡನೇ ಮಹಡಿಯಲ್ಲಿ ‘ಗ್ರಹಗಳ ಕೋಣೆ’ ಇತ್ತು. ಅಲ್ಲಿ ಆರು ದೊಡ್ಡ ಪರದೆಗಳು, ಒಂದೊಂದರಲ್ಲೂ ಗ್ರಹ ಕಟ್ಟುವ ಕಂಪ್ಯೂಟರ್ ಆಟ. ಆಟ ಶುರುವಾಗುವುದು ಬರೀ ಒಂದು ಕಲ್ಲುಂಡೆಯಿಂದ. ಬೆರಳಿಟ್ಟು ಎಳೆದರೆ ಬೆಟ್ಟ ಏಳುತ್ತಿತ್ತು, ಒತ್ತಿದರೆ ಕಣಿವೆ ಇಳಿಯುತ್ತಿತ್ತು. ಹಿಮ ತುಂಬಿದ ಧೂಮಕೇತುಗಳನ್ನು ತಂದು ಅಪ್ಪಳಿಸಿದರೆ ಸಮುದ್ರ ತುಂಬುತ್ತಿತ್ತು. ಎಲ್ಲ ಹದಕ್ಕೆ ಬಂದ ಮೇಲೆ ಹಸಿರು ಗುಂಡಿ ಒತ್ತಿದರೆ ನೀರಿಗೆ ಜೀವ ಬೀಳುತ್ತಿತ್ತು. ಆ ಜೀವ ಕವಲೊಡೆದು, ಕಾಲು ಬಂದು, ರೆಕ್ಕೆ ಬಂದು ಏನಾಗಿ ನಿಲ್ಲುತ್ತದೋ ಯಾರಿಗೂ ಮೊದಲೇ ಗೊತ್ತಾಗುತ್ತಿರಲಿಲ್ಲ. ಆಡಿದವರು ಮನೆಗೆ ಹೋದರೂ ಅವರವರ ಗ್ರಹ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಮರುದಿನ ಬಂದು ತಮಗೆ ಕೊಟ್ಟ ಚೀಟಿಯ ನಂಬರ್ ಹಾಕಿದರೆ ಅಲ್ಲಿ ಸಾವಿರಾರು ವರ್ಷ ಕಳೆದಿರುತ್ತಿತ್ತು.

ಆ ಕೋಣೆಯನ್ನು ನೋಡಿಕೊಳ್ಳುವವಳು ಅವಳು. ಊರಿಗೆ ಬಂದು ಎರಡೇ ತಿಂಗಳು. ಎಲ್ಲದಕ್ಕೂ ‘ಯಾಕೆ’ ಎಂದು ಕೇಳುತ್ತಾಳೆಂದು ಜೊತೆಯವರು ಅವಳಿಗಾಗಲೇ ‘ಯಾಕಮ್ಮ’ ಎಂದು ಹೆಸರಿಟ್ಟಿದ್ದರು.

ಈಗ ಎದುರು ನಿಂತಿದ್ದ ಅವನು ಐದು ವಾರದಿಂದ ದಿನಾ ಊಟದ ಹೊತ್ತಿಗೆ ಬರುತ್ತಿದ್ದ. ಮೂರನೇ ಪರದೆಯ ಮುಂದೆ ಅರ್ಧ ಗಂಟೆ ಕೂರುತ್ತಿದ್ದ. ಬೆಟ್ಟದ ಅಂಚು ತಿದ್ದುತ್ತಿದ್ದ, ಸಮುದ್ರದ ಬಿಸಿ ಒಂದು ಕೂದಲೆಳೆಯಷ್ಟು ಇಳಿಸುತ್ತಿದ್ದ, ಕೈಕಟ್ಟಿ ನೋಡುತ್ತಿದ್ದ. ಹಸಿರು ಗುಂಡಿಯನ್ನು ಮಾತ್ರ ಒಮ್ಮೆಯೂ ಒತ್ತಿರಲಿಲ್ಲ.

‘ಇಷ್ಟು ಚಂದದ ಗ್ರಹ... ಅದರಲ್ಲಿ ಒಂದು ಹುಳವೂ ಬೇಡವೇ?’

ಆ ಪ್ರಶ್ನೆ ಅವಳ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು. ಹಿಂದಿನ ದಿನ ಅವನು ಎದ್ದುಹೋದ ಮೇಲೆ ತಡೆಯಲಾಗದೆ ಸಿಬ್ಬಂದಿಯ ಕೀಲಿ ಹಾಕಿ ತಾನೇ ಆ ಗುಂಡಿ ಒತ್ತಿದ್ದಳು. ನಾಳೆ ಬಂದಾಗ ಅವನ ಮುಖ ಅರಳುತ್ತದೆ ಎಂದುಕೊಂಡಿದ್ದಳು.

ಈಗ ಪರದೆಯ ಮೇಲಿನ ಸಮುದ್ರ ಕಂದು ಬಣ್ಣಕ್ಕೆ ತಿರುಗಿತ್ತು. ದಡದುದ್ದಕ್ಕೂ ಸತ್ತ ಜೀವಿಗಳ ಬಿಳಿ ನೊರೆ.

“ನಾನೇ ಸಾರ್,” ಎಂದಳು. “ಜೀವ ಬಂದ್ರೆ ನಿಮಗೆ ಖುಷಿಯಾಗುತ್ತೆ ಅಂದ್ಕೊಂಡೆ...”

ಅವನು ಅವಳನ್ನೇ ನೋಡಿದ. ಆ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು.

“ನನ್ನ ವಿಷಯ ನಿಮಗೂ ಗೊತ್ತಾಯ್ತು ಅನ್ನಿ. ತಮಾಷೆ ಚೆನ್ನಾಗಿದೆ.”

“ಯಾವ ವಿಷಯ? ನನಗೇನೂ...”

ಅವನು ನಿಲ್ಲಲಿಲ್ಲ. ಮೆಟ್ಟಿಲಿಳಿಯುವ ಸದ್ದು ಮಾತ್ರ ಉಳಿಯಿತು.

ಮರುದಿನ ಮೂರನೇ ಪರದೆಯ ಮುಂದಿನ ಜಾಗ ಖಾಲಿ. ಅದರ ಮರುದಿನವೂ ಖಾಲಿ. ಊಟದ ಹೊತ್ತಾದರೆ ಸಾಕು, ಅವಳ ಕಣ್ಣು ಬಾಗಿಲಿಗೆ ಅಂಟಿಕೊಳ್ಳುತ್ತಿತ್ತು. ‘ಏನು ಮಾಡಿಬಿಟ್ಟೆ ನಾನು? ಅವನಿಗೆ ಅಷ್ಟು ನೋವಾಗುವಂಥದ್ದು ಏನಿತ್ತು ಅದರಲ್ಲಿ?’ ಹೀಗೇ ಹನ್ನೊಂದು ದಿನ ಕಳೆದವು.

ಚೀಟಿ ಪಡೆಯುವಾಗ ಅವನು ಬರೆಸಿದ್ದ ವಿಳಾಸ ಪುಸ್ತಕದಲ್ಲಿತ್ತು: ಮತ್ಸ್ಯಾಲಯ, ಇದೇ ರಸ್ತೆಯ ತುದಿ. ಸೋಮವಾರ ಸಂಗ್ರಹಾಲಯಕ್ಕೆ ರಜೆ. ಅವಳು ಅಲ್ಲಿಗೆ ಹೊರಟಳು.

ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, “ಗ್ರಹದ ಕೋಣೆಯವಳು ನೀನೇನಾ?” ಎಂದರು.

“ಹೌದು... ನಿಮಗೆ ಹೇಗೆ ಗೊತ್ತು?”

“ಅವನು ನನ್ನ ತಮ್ಮ. ಹನ್ನೊಂದು ದಿನದಿಂದ ಮನೇಲಿ ಮುಖ ಊದಿಸ್ಕೊಂಡು ಕೂತಿದಾನೆ. ಬಾಯಿ ಬಿಡಿಸೋಷ್ಟರಲ್ಲಿ ನನಗೆ ಸಾಕುಸಾಕಾಯ್ತು. ಒಳಗೆ ಬಾ.”

ಅಕ್ಕ ಸ್ಟೂಲು ಎಳೆದು ಕೂರಿಸಿ ಎಲ್ಲ ಹೇಳಿದರು. ಹೋದ ವರ್ಷ ಮತ್ಸ್ಯಾಲಯಕ್ಕೆ ಹೊಸದಾಗಿ ದೊಡ್ಡ ತೊಟ್ಟಿ ಬಂದಿತ್ತು. ನೋಡಿಕೊಳ್ಳುವ ಕೆಲಸ ತಮ್ಮನದು. ನೀರು ಇನ್ನೂ ಸಿದ್ಧವಾಗಿಲ್ಲ ಎಂದು ಅವನು ಹೇಳುತ್ತಲೇ ಇದ್ದ. ಉದ್ಘಾಟನೆಯ ದಿನ ಹತ್ತಿರ ಬಂತು ಎಂದು ಮೇಲಿನವರು ಬೆನ್ನು ಹತ್ತಿದರು. ಕೊನೆಗೆ ಅವನು ಮೀನು ಬಿಟ್ಟ. ನೂರಹನ್ನೆರಡು. ಮೂರು ದಿನದಲ್ಲಿ ಒಂದೂ ಉಳಿಯಲಿಲ್ಲ.

“ಪೇಪರಲ್ಲಿ ಇವನ ಫೋಟೋನೇ ಬಂತು. ತರಕಾರಿ ತರೋಕೆ ಹೋದ್ರೂ ಜನ ‘ಮೀನು ಸಾಯ್ಸಿದವನು’ ಅಂತ ಬೆರಳು ತೋರಿಸ್ತಿದ್ರು. ತೊಟ್ಟಿ ವರ್ಷವಿಡೀ ಒಣಗಿ ನಿಂತಿತ್ತು. ಹೋದ ವಾರ ಮತ್ತೆ ನೀರು ತುಂಬಿಸಿದಾನೆ.”

ಅವಳು ಎದ್ದು ತೊಟ್ಟಿಯ ಕೋಣೆಯತ್ತ ನಡೆದಳು.

‘ಅವನ ಸಮುದ್ರದಲ್ಲಿ ಅದೇ ಬಿಳಿ ನೊರೆ ತೇಲಿಸಿಬಿಟ್ಟೆನಲ್ಲ...’

ದೊಡ್ಡ ತೊಟ್ಟಿ ಗೋಡೆಯಿಂದ ಗೋಡೆಯವರೆಗೆ ಇತ್ತು. ನೀಲಿ ಬೆಳಕು, ಕಲ್ಲುಗಳು, ಮರಳು. ಮೀನು ಒಂದೂ ಇಲ್ಲ. ಅವನು ಏಣಿಯ ಮೇಲೆ ನಿಂತು ನೀರಿಗೆ ಚಿಟಿಕೆಯಷ್ಟು ಏನನ್ನೋ ಉದುರಿಸುತ್ತಿದ್ದ.

“ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ,” ಎಂದಳು ಕೆಳಗಿನಿಂದ. “ನಾನು ಈ ಊರಿಗೆ ಹೊಸಬಳು. ಗೊತ್ತಿದ್ರೂ ಇಲ್ದಿದ್ರೂ ನಿಮ್ಮದನ್ನ ನಾನು ಮುಟ್ಟಬಾರದಿತ್ತು. ತಪ್ಪಾಯ್ತು.”

ಅವನು ಚಿಟಿಕೆ ಉದುರಿಸುತ್ತಲೇ ಇದ್ದ.

ಕ್ಷಮೆ ಕೇಳಿಯಾಗಿತ್ತು. ಹೊರಡಬೇಕಿತ್ತು. ಆದರೆ ಕಾಲು ಕದಲಲಿಲ್ಲ.

“ಅದು... ಮೀನಿನ ಊಟ ಅಲ್ವಾ? ಮೀನೇ ಇಲ್ಲದ ತೊಟ್ಟಿಗೆ ಯಾಕೆ ಊಟ ಹಾಕ್ತಿದ್ದೀರಿ?”

ಅವನ ಕೈ ನಿಂತಿತು. ಕ್ಷಮೆ ಕೇಳಲು ಬಂದು ಪ್ರಶ್ನೆ ಕೇಳುತ್ತಾ ನಿಂತವಳನ್ನು ಅವನು ಮೊದಲ ಸಲ ನೆಟ್ಟಗೆ ನೋಡಿದ.

“ಖಾಲಿ ಅಂತ ಯಾರು ಹೇಳಿದ್ರು?”

ಏಣಿಯಿಂದ ಇಳಿದು ಬಂದು ಒಂದು ಕಲ್ಲು ತೋರಿಸಿದ. “ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಈ ಕಲ್ಲಿಗೆ ಅಂಟ್ಕೊಂಡು ಬೆಳೀತಿವೆ. ಮೀನು ಗಲೀಜು ಮಾಡಿದ್ರೆ ನೀರು ವಿಷ ಆಗುತ್ತೆ. ಆ ವಿಷ ತಿನ್ನೋರು ಇವರು. ಇವರು ಬೆಳೆಯೋಕೆ ಐದಾರು ವಾರ ಬೇಕು. ಈ ಊಟ ಕೊಳೆತರೆ ಇವರಿಗೆ ಊಟ.”

“ಬೆಳೆದಿದ್ದಾರೋ ಇಲ್ವೋ ಹೇಗೆ ಗೊತ್ತಾಗುತ್ತೆ?”

ಅವನು ಗಾಜಿನ ಸಣ್ಣ ಕೊಳವೆಯಲ್ಲಿ ನೀರು ಹಿಡಿದು, ಬಾಟಲಿಯಿಂದ ಎಂಟು ಹನಿ ಬಿಟ್ಟು ಕುಲುಕಿದ. ನೀರು ಕಡು ಹಸಿರಾಯಿತು.

“ಹಸಿರು ಅಂದ್ರೆ ವಿಷ ಇದೆ. ಹಳದಿ ಆಗಬೇಕು.”

“ಆಟದಲ್ಲೂ ಅದಕ್ಕೇ ಕಾಯ್ತಿದ್ರಾ?”

ಅವನು ಕೊಳವೆಯನ್ನು ಬೆಳಕಿಗೆ ಹಿಡಿದ. “ಅಲ್ಲಿ ಯಾರೂ ಅವಸರ ಮಾಡೋರಿಲ್ಲ. ಸಮುದ್ರ ತಿಳಿಯಾಗೋದನ್ನ ನೋಡ್ತಾ ಕೂತ್ರೆ, ಇಲ್ಲೂ ಮತ್ತೆ ನೀರು ತುಂಬಿಸಬಹುದು ಅನ್ನೋ ಧೈರ್ಯ ಬರ್ತಿತ್ತು.”

ಮುಂದಿನ ಸೋಮವಾರವೂ ಅವಳು ಬಂದಳು, ಅದರ ಮುಂದಿನ ಸೋಮವಾರವೂ. ಮೀನಿಗೆ ನಿದ್ದೆ ಬರುತ್ತದೆಯೇ, ಗಾಜಿನಾಚೆಯ ಜನ ಅವಕ್ಕೆ ಹೇಗೆ ಕಾಣುತ್ತಾರೆ, ಕಲ್ಲನ್ನು ತಿರುವಿದರೆ ಆ ಸಣ್ಣ ಜೀವಿಗಳು ಏನಾಗುತ್ತವೆ... ಅವಳು ಕೇಳುತ್ತಿದ್ದಳು, ಅವನು ಉತ್ತರ ಹುಡುಕುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದ. ಮುಂದಿನ ವಾರ ಎಲ್ಲಿಂದಲೋ ತಿಳಿದುಕೊಂಡು ಬಂದಿರುತ್ತಿದ್ದ. ವಾರದಿಂದ ವಾರಕ್ಕೆ ಕೊಳವೆಯ ಹಸಿರು ತಿಳಿಯಾಗುತ್ತಾ ಬಂತು. ಅವನ ಹಣೆಯ ಗಂಟೂ ಸಡಿಲವಾಗುತ್ತಾ ಬಂತು. ಅವಳಿಗೆ ಎರಡನ್ನೂ ನೋಡುವ ಆಸೆ.

ನಾಲ್ಕನೇ ಸೋಮವಾರ ಮತ್ಸ್ಯಾಲಯದ ಮ್ಯಾನೇಜರ್ ತೊಟ್ಟಿಯ ಮುಂದೆ ಬಂದು ನಿಂತರು.

“ಶನಿವಾರ ಮೀನು ಬಿಡಿ. ಭಾನುವಾರದಿಂದ ಶಾಲೆಗಳಿಗೆ ರಜೆ.”

ಅವನ ಮುಖ ಬಿಳಿಚಿತು. “ಇನ್ನೂ ಎರಡು ವಾರ ಬೇಕು ಸಾರ್.”

“ಎರಡು ವಾರ ಜನರಿಗೆ ಬರೀ ನೀರು ತೋರಿಸಲಾ? ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಆಗೋರನ್ನ ಕರೆಸ್ತೀನಿ.”

ಅವನು ನೆಲ ನೋಡುತ್ತಾ ನಿಂತ. ಬೆರಳುಗಳು ಕೊಳವೆಯನ್ನು ಬಿಗಿಯಾಗಿ ಹಿಡಿದಿದ್ದವು.

‘ಇವನು ಈಗ ಹೂಂ ಅಂದುಬಿಟ್ಟರೆ... ಮತ್ತೆಂದೂ ತಲೆ ಎತ್ತುವುದಿಲ್ಲ.’

“ತೋರಿಸಿ ಸಾರ್,” ಎಂದಳು ಅವಳು. “ನೀರನ್ನೇ ತೋರಿಸಿ.”

ಮ್ಯಾನೇಜರ್ ತಿರುಗಿದರು. “ನೀವ್ಯಾರು?”

“ಸಂಗ್ರಹಾಲಯದವಳು. ಬಂದವರಿಗೆ ವಿವರಿಸೋದೇ ನನ್ನ ಕೆಲಸ. ಭಾನುವಾರ ರಜೆ ಹಾಕಿ ಬರ್ತೀನಿ. ಜನ ಗೊಣಗಿದ್ರೆ ನಿಮ್ಮಿಷ್ಟ.”

“ಒಪ್ಕೊಳ್ಳಿ ಸಾರ್,” ಎಂದು ಬಾಗಿಲ ಬಳಿಯಿಂದ ಅಕ್ಕನ ದನಿ ಬಂತು. “ಮಾತಲ್ಲಿ ಇವಳ ಹತ್ರ ಗೆಲ್ಲೋಕಾಗಲ್ಲ. ನಿಮ್ಮ ಟೈಮೇ ವೇಸ್ಟು.”

ಮ್ಯಾನೇಜರ್ ಒಂದು ದಿನಕ್ಕೆ ಒಪ್ಪಿದರು. ಒಂದೇ ದಿನಕ್ಕೆ.

ಭಾನುವಾರ ಬೆಳಗ್ಗೆ ಸಂಗ್ರಹಾಲಯದವರನ್ನು ಕಾಡಿ ಬೇಡಿ ಮೂರನೇ ಪರದೆಯನ್ನು ತಂದು ತೊಟ್ಟಿಯ ಪಕ್ಕದಲ್ಲಿ ನಿಲ್ಲಿಸಿದಳು. ಹತ್ತು ಗಂಟೆಗೆಲ್ಲ ಜನ ತುಂಬಿದರು. ಮೊಮ್ಮಗಳ ಕೈ ಹಿಡಿದ ಒಬ್ಬ ತಾತ ಮೊದಲೇ ಮುಖ ಸಿಂಡರಿಸಿದರು.

“ಮೀನೇ ಇಲ್ವಲ್ಲಮ್ಮ. ಟಿಕೆಟ್ ದುಡ್ಡು ಯಾಕೆ ತಗೊಂಡ್ರಿ?”

“ಮೊದಲು ಈ ಗ್ರಹ ನೋಡಿ ತಾತ,” ಎಂದು ಅವಳು ಪರದೆಯತ್ತ ಕೈ ತೋರಿಸಿದಳು. ಕಂದು ಸಮುದ್ರ, ಬಿಳಿ ದಡ. “ಇದನ್ನ ಕಟ್ಟಿದವರು ಐದು ವಾರ ಕಾದ್ರು. ನನಗೆ ಒಂದು ನಿಮಿಷ ಕಾಯೋಕಾಗಲಿಲ್ಲ. ನೀರು ಸಿದ್ಧ ಇದೆಯಾ ಅಂತಾನೂ ನೋಡ್ದೆ ಜೀವ ಬಿಟ್ಟೆ. ಒಂದೇ ದಿನದಲ್ಲಿ ಎಲ್ಲ ಸತ್ತುಹೋಯ್ತು. ಇದನ್ನ ಹಾಳು ಮಾಡಿದವಳು ನಾನು.”

ಮೊಮ್ಮಗಳು ಪರದೆಯನ್ನೇ ದಿಟ್ಟಿಸುತ್ತಾ ಕೇಳಿದಳು, “ಅವಕ್ಕೆ ನೋವಾಯ್ತಾ?”

“ಆಟದಲ್ಲಿ ಆಗಲ್ಲ ಪುಟ್ಟಿ. ಈ ತೊಟ್ಟೀಲಿ ಆಗುತ್ತೆ. ಅದಕ್ಕೇ ನಾವು ಕಾಯ್ತಿದ್ದೀವಿ.”

ಏಣಿಯ ಬಳಿ ನಿಂತಿದ್ದ ಅವನಿಗೆ ಆ ‘ನಾವು’ ಎಂಬುದು ಎದೆಗೆ ತಾಗಿತು.

ಅವಳು ಕಲ್ಲಿನ ಮೇಲಿನ ಕಾಣದ ಜೀವಿಗಳ ಕಥೆ ಹೇಳಿದಳು. ಮಕ್ಕಳು ಗಾಜಿಗೆ ಮೂಗು ಒತ್ತಿ ಹುಡುಕತೊಡಗಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅಂದರು, “ಹೋದ ವರ್ಷ ಮೀನೆಲ್ಲ ಸಾಯ್ಸಿದ್ದು ಇವನೇ ಅಲ್ವಾ?”

ತಲೆಗಳೆಲ್ಲ ಏಣಿಯತ್ತ ತಿರುಗಿದವು. ಅವಳ ಮಾತು ಅರ್ಧಕ್ಕೇ ನಿಂತಿತು.

ಅವನು ಮುಂದೆ ಬಂದ.

“ಹೌದು, ನಾನೇ. ನೀರು ಸಿದ್ಧ ಇಲ್ಲ ಅಂತ ನನಗೆ ಗೊತ್ತಿತ್ತು. ಬಿಡಿ ಅಂದವರು ಬೇರೆ. ಆದ್ರೆ ಬಿಟ್ಟ ಕೈ ನಂದು. ಒಂದೊಂದನ್ನೂ ಹೊರಗೆ ತೆಗೆದಿದ್ದೂ ಇದೇ ಕೈ. ಈ ಸಲ ನನ್ನ ಕೆಲಸ ಹೋದ್ರೂ ಸರಿ, ನೀರು ಹಳದಿ ಆಗೋವರೆಗೂ ಮೀನು ಬಿಡಲ್ಲ.”

ಹಿಂದೆ ನಿಂತಿದ್ದ ಮ್ಯಾನೇಜರ್ ಕೆಮ್ಮಿದರು. ಆಗ ತಾತ ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಆ ಬಣ್ಣ ಹೇಗೆ ನೋಡೋದು? ಸ್ವಲ್ಪ ತೋರಿಸಿ.”

ಅವನು ತೋರಿಸಿದ. ತಿಳಿ ಹಸಿರು ಕೊಳವೆ ಕೈಯಿಂದ ಕೈಗೆ ಹೋಯಿತು. ಸಂಜೆಯವರೆಗೆ ಹದಿನಾಲ್ಕು ಸಲ ತೋರಿಸಬೇಕಾಯಿತು. ಹೊರಡುವಾಗ ಅನೇಕರು ಟಿಕೆಟ್ ಕಿಟಕಿಯಲ್ಲಿ ಮೀನು ಬಿಡುವ ದಿನ ಯಾವುದೆಂದು ಕೇಳಿದರು. “ನೀರನ್ನೇ ಕೇಳ್ಬೇಕು” ಎಂದು ಅಕ್ಕ ಎಲ್ಲರಿಗೂ ಹೇಳಿದರು. ಮ್ಯಾನೇಜರ್ ಮತ್ತೆ ಶನಿವಾರದ ಮಾತೆತ್ತಲಿಲ್ಲ.

ಹನ್ನೆರಡನೇ ದಿನ, ಗುರುವಾರ, ಕೊಳವೆಯ ನೀರು ಹಳದಿಯಾಯಿತು. ಅವನು ನಂಬದೆ ಮೂರು ಸಲ ಪರೀಕ್ಷಿಸಿದ. ಮೊದಲು ಏಳೇ ಏಳು ಸಣ್ಣ ಮೀನು ಬಿಟ್ಟ.

ಸೋಮವಾರ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಅವಳು ಓಡಿಬಂದಳು. ಅವನು ಗಾಜಿನ ಮುಂದೆ ನೆಲದ ಮೇಲೆ ಕೂತಿದ್ದ. ಅವಳು ಪಕ್ಕದಲ್ಲಿ ಕುಸಿದು, ಬೆರಳು ಮಡಿಸುತ್ತಾ ಎಣಿಸಿದಳು. ಏಳು. ನಾಲ್ಕು ದಿನ ಕಳೆದರೂ ಏಳೂ ಚುರುಕಾಗಿ ಓಡಾಡುತ್ತಿದ್ದವು. ಅವಳ ಕಣ್ಣು ತುಂಬಿ ಬಂತು.

“ನನಗೆ ಭಯ ಆಗ್ತಿದೆ,” ಎಂದ ಅವನು.

“ಎಲ್ಲ ಚೆನ್ನಾಗಿವೆಯಲ್ಲ?”

“ಮೀನಿನ ವಿಷಯ ಅಲ್ಲ.” ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ನೀವು ಹೋದ ಮೇಲೆ, ಮಂಗಳವಾರದಿಂದಲೇ ನಾನು ಮುಂದಿನ ಸೋಮವಾರಕ್ಕೆ ಕಾಯೋಕೆ ಶುರು ಮಾಡ್ತೀನಿ. ಇನ್ನು ಮೇಲೆ ನೀರು ನೋಡೋ ನೆಪ ಇಲ್ಲ. ನೀವು ಬರೋದು ನಿಂತುಹೋದ್ರೆ ಅಂತ... ಒಂದೇ ಮಾತಲ್ಲಿ ಹೇಳಿಬಿಡ್ತೀನಿ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ನಿಮ್ಮ ಜೊತೆ ಬದುಕಬೇಕು ಅನ್ಸುತ್ತೆ.”

ಅವಳು ಮಡಿಸಿದ ಬೆರಳುಗಳನ್ನು ಬಿಡಿಸಿದಳು.

“ನನ್ನ ಬಾಡಿಗೆ ರೂಮಲ್ಲಿ ಒಂದೇ ಕುರ್ಚಿ ಇರೋದು,” ಎಂದಳು ಮೆಲ್ಲಗೆ.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. “ಅಂದ್ರೆ?”

“ದಿನಾ ಊಟ ಮಾಡುವಾಗ ಅನ್ಕೋತೀನಿ, ಇವರು ಮನೆಗೆ ಬಂದ್ರೆ ಎಲ್ಲಿ ಕೂರಿಸ್ಲಿ ಅಂತ. ನನಗೂ ನೀವಂದ್ರೆ ಇಷ್ಟ ರೀ. ನಿಮಗಿಂತ ಮೊದಲಿಂದ ಇರಬೇಕು.”

ಅವನು ನಕ್ಕ. ಅವನು ಬಾಯಿ ತುಂಬ ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

“ಅಕ್ಕನಿಗೆ ಹೇಗೆ ಹೇಳೋದು?” ಎಂದು ಅವನು ತಲೆ ಕೆರೆದುಕೊಂಡ.

“ಅವರು ನನ್ನ ಹತ್ರ ಟಿಕೆಟ್ ಕೇಳೋದು ಬಿಟ್ಟು ತಿಂಗಳಾಯ್ತು. ನೀವು ಏನೂ ಹೇಳ್ಬೇಕಾಗಿಲ್ಲ.”

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು. ಅವನ ಬೆರಳುಗಳು ಇನ್ನೂ ತೊಟ್ಟಿಯ ನೀರಿನಿಂದ ತಣ್ಣಗಿದ್ದವು.

“ಸಂಜೆ ಅಂಗಡಿಗೆ ಹೋಗೋಣ್ವಾ?” ಎಂದ. “ಇನ್ನೊಂದು ಕುರ್ಚಿ ತರೋಕೆ.”

“ಎರಡು ತರೋಣ. ಅಕ್ಕ ಬಂದ್ರೆ ನಿಂತ್ಕೊಂಡಿರ್ತಾರಾ?”