ದುರ್ಧರನ ಹುಲಿಯಚ್ಚು

ಬಲು ಹಿಂದೆ, ಕುಂದಣಪುರಿ ಎಂಬ ರಾಜ್ಯದಲ್ಲಿ ಒಂದು ಮಾಯಾ ವಿದ್ಯಾಪೀಠವಿತ್ತು. ಅಲ್ಲಿ ಕಲಿಸುತ್ತಿದ್ದುದು ಒಂದೇ ವಿದ್ಯೆ: ಅಚ್ಚು ಕೆತ್ತುವುದು, ಅದಕ್ಕೆ ಮಣ್ಣು ತುಂಬಿ ಪ್ರಾಣಿಗಳನ್ನು ತೆಗೆಯುವುದು. ಅಚ್ಚಿಗೆ ಜೀವವಿಲ್ಲ, ಅಚ್ಚಿನಿಂದ ಬಂದದ್ದಕ್ಕೆ ಉಂಟು. ಇಷ್ಟು ತಲೆಗೆ ಹೋಗುವುದಕ್ಕೇ ಅನೇಕರಿಗೆ ಒಂದು ವರ್ಷ ಹಿಡಿಯುತ್ತಿತ್ತು.

ಅಲ್ಲಿ ಕಲಿಯುತ್ತಿದ್ದ ಇರುವಂತಿ ಎಂಬ ಹುಡುಗಿಗೂ ಹಿಡಿಯಿತು. ಅವಳ ಗಿಳಿಗಳು ಕುಂಟಿದರೆ ಒಂದೊಂದರ ಕಾಲನ್ನೂ ತಿದ್ದುತ್ತ ಕೂರುತ್ತಿದ್ದಳು. ಗುರು ಅಕ್ಕಬ್ಬೆ ನೋಡಿ ನೋಡಿ ಸಾಕಾಗಿ, "ಅಚ್ಚು ತಿದ್ದಮ್ಮಾ. ಇಲ್ಲದಿದ್ರೆ ನಾಳೆಯೂ ಕುಂಟ ಗಿಳಿಯೇ ಬರುತ್ತೆ" ಎನ್ನುತ್ತಿದ್ದರು. ಅವಳು ತಲೆಯಾಡಿಸಿ ಮತ್ತೆ ಕಾಲಿಗೇ ಕೈ ಹಾಕುತ್ತಿದ್ದಳು.

ಹೀಗಿರಲು, ಅದೇ ಪೀಠದಲ್ಲಿ ಕಲಿತ ದುರ್ಧರನೆಂಬ ಮಾಂತ್ರಿಕ ತನಗೆ ಮಣ್ಣು ತುಳಿಯಲೆಂದು ಊರವರನ್ನು ಹಿಡಿದು ಕೋಟೆಯಲ್ಲಿ ಕೂಡಿಹಾಕಿದ. ಅವರಲ್ಲಿ ಇರುವಂತಿಯ ಅಣ್ಣ ಬೊಪ್ಪಣ್ಣನೂ ಇದ್ದ. ತಾಯಿ ತಂದೆ ಇಲ್ಲದ ಅವಳಿಗೆ ಇದ್ದವನು ಅವನೊಬ್ಬನೇ. ಕೋಟೆಗೆ ಮಣ್ಣಿನ ಹುಲಿಗಳ ಕಾವಲು. ಪ್ರತಿ ಅಮಾವಾಸ್ಯೆಗೆ ಹಳೆಯ ಹುಲಿಗಳು ಉದುರಿ ಮಣ್ಣಾಗುತ್ತಿದ್ದವು. ಆಳುಗಳು ಕೆರೆದಂಡೆಯ ಚಪ್ಪರದಲ್ಲಿ ಅಚ್ಚಿನಿಂದ ಹೊಸ ಹುಲಿಗಳನ್ನು ತೆಗೆಯುತ್ತಿದ್ದರು.

ಅಣ್ಣನನ್ನು ಬಿಡಿಸಲು ಇರುವಂತಿ ಮೊದಲ ಸಲ ಹೋಗಿ ಒಂದು ಹುಲಿಯನ್ನು ಮಂತ್ರ ಹಾಕಿ ಮಲಗಿಸಿದಳು. ಪಕ್ಕದ ಹುಲಿ ಎದ್ದು ಅಟ್ಟಿಸಿಕೊಂಡು ಬಂತು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ತಾಗಿರಲಿಲ್ಲ.

ಎರಡನೆಯ ಸಲ, ಒಂಟಿಯಾಗಿ ಸಿಕ್ಕ ಹುಲಿಯನ್ನು ಮಲಗಿಸಿ, ಎದೆಯೊಳಗೆ ಕೈಯಿಟ್ಟು ಅಲ್ಲಿದ್ದ ಕಾವಲಿನ ಅಪ್ಪಣೆಯನ್ನೇ ಕಿತ್ತುಹಾಕಲು ನೋಡಿದಳು. ಎದೆ ಮುಚ್ಚಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಕಿರುಬೆರಳಿನ ಮಾಯೆಯೆಲ್ಲ ಹೋಗಿತ್ತು.

ಅಕ್ಕಬ್ಬೆ ಚೆನ್ನಾಗಿ ಬೈದರು. "ಒಳಗಿನದು ಅದರ ಸ್ವಂತದ್ದು. ಹೊರಗಿನವರು ಕೂಗಿ ಹೇಳಬಹುದು, ಒಳಗೆ ಕೈ ಹಾಕೋ ಹಾಗಿಲ್ಲ. ಮೊದಲನೇ ಪಾಠ ಅಲ್ವೇನೇ ಇದು?"

"ಅಣ್ಣ ಒಳಗಿದ್ದಾನಲ್ಲ ಗುರುಗಳೇ, ಪಾಠ ನೆನಪಾಗಲಿಲ್ಲ."

ಅಕ್ಕಬ್ಬೆ ಬೈಯುವುದು ಬಿಟ್ಟು ಎದ್ದರು. ಉಗ್ರಾಣದಿಂದ, ಬೇರೆ ಅಚ್ಚುಗಳನ್ನು ತೆಗೆಯುವ ಹಳೆಯ ತಾಯಚ್ಚೊಂದನ್ನು ತಂದುಕೊಟ್ಟರು. "ದುರ್ಧರ ತನ್ನ ಅಚ್ಚು ಮಾಡಿದ್ದು ಇದರಿಂದಲೇ. 'ಕಾಯಿ' ಅಂದ್ರೆ ಏಳಬೇಕು, ಇದರಲ್ಲಿರೋದು ಅಷ್ಟೇ. ಯಾರನ್ನ ಕಾಯಬೇಕು ಅನ್ನೋದು ಮಗಳಚ್ಚು ಮಾಡೋರಿಗೆ ಬಿಟ್ಟಿದ್ದು."

ಮೂರನೆಯ ಸಲ ಇರುವಂತಿ ಯಾವ ಹುಲಿಯನ್ನೂ ಮುಟ್ಟಲಿಲ್ಲ. ತಾಯಚ್ಚಿನಿಂದ ಮಗಳಚ್ಚು ತೆಗೆದಳು. ದುರ್ಧರನ ಹುಲಿಗಳಿಗಿದ್ದ ಅದೇ ಪಟ್ಟೆ, ಅದೇ ಮೀಸೆ ಕೆತ್ತಿದಳು. ಕಾಯುವ ಬಗೆಯೊಂದನ್ನೇ ಬೇರೆ ಮಾಡಿದಳು: ಸೆರೆಯಲ್ಲಿದ್ದವರನ್ನು ಸೆರೆ ಹಾಕಿದವನಿಂದ ಕಾಯಬೇಕು. ಅಮಾವಾಸ್ಯೆಯ ದಿನ ಆಳುಗಳು ಊಟಕ್ಕೆ ಎದ್ದಾಗ ಚಪ್ಪರದಲ್ಲಿದ್ದ ಅಚ್ಚು ಬದಲಾಯಿಸಿ ಬಂದಳು.

ದುರ್ಧರ ಹೊಸ ಹುಲಿಗಳ ಪಟ್ಟೆ ನೋಡಿದ, ಮೀಸೆ ನೋಡಿದ, "ಕಾಯಿ" ಎಂದ. ಹುಲಿಗಳು ಎದ್ದವು. ಸೆರೆಯವರಿಗೆ ಬೆನ್ನು ಕೊಟ್ಟು, ಅವನ ಕಡೆ ಮುಖ ಮಾಡಿ ನಿಂತವು. "ಕಾಯಿ" ಎಂದು ಗದರಿದ. ಇನ್ನೊಂದು ಹೆಜ್ಜೆ ಮುಂದೆ ಬಂದವು. ಅವನಿಗೆ ಸಿಟ್ಟು ನೆತ್ತಿಗೇರಿತು. ಮೊದಲನೇ ಪಾಠ ಮರೆತು ಒಂದು ಹುಲಿಯ ಎದೆಯೊಳಗೆ ಎರಡೂ ಕೈ ತೂರಿಸಿದ. ಎದೆ ಮುಚ್ಚಿಕೊಂಡಿತು. ಕೈ ಹೊರಬರುವ ಹೊತ್ತಿಗೆ ಅವನಲ್ಲಿ ಸೊಳ್ಳೆ ಓಡಿಸುವಷ್ಟೂ ಮಾಯೆ ಉಳಿದಿರಲಿಲ್ಲ.

ಬೊಪ್ಪಣ್ಣ ಹೊರಗೆ ಬಂದು ತಂಗಿಯನ್ನು ತಬ್ಬಿಕೊಂಡ. "ಯಾಕೆ ಇಷ್ಟು ತಡ?"

"ಒಂದೊಂದೇ ಹುಲಿ ತಿದ್ದೋಕೆ ಹೋಗಿದ್ದೆ ಅಣ್ಣ" ಎಂದು ಅವಳು ಅತ್ತಳು.

ಊರವರೆಲ್ಲ ಮನೆ ಸೇರಿ, ಹೊಟ್ಟೆ ತುಂಬ ಉಂಡು, ಸುಖವಾಗಿ ಬಾಳಿದರು. ದುರ್ಧರನನ್ನು ಅಕ್ಕಬ್ಬೆ ಮೊದಲ ವರ್ಷದವರ ಜೊತೆ ಕೂರಿಸಿದರು. ಅವನ ಗಿಳಿ ಕುಂಟಿದಾಗ ಕಲಿಸಲು ಬಂದವಳು ಇರುವಂತಿ. "ಕಾಲು ಬಿಡಿ" ಎಂದಳು, "ಅಚ್ಚು ತನ್ನಿ."